ಹದಿನಾಲ್ಕು ಹಂತಗಳ ಕಟ್ಟು

ಆ ಹಾಳೆಯನ್ನು ಬರೆದವಳೂ ನಾನೇ, ಅಂಗಡಿಗೆ ಒಯ್ದು ಲ್ಯಾಮಿನೇಟ್ ಮಾಡಿಸಿದವಳೂ ನಾನೇ. ಆದ್ದರಿಂದ ಈ ಪ್ರಸಂಗದಲ್ಲಿ ಬೇರೆ ಯಾರನ್ನಾದರೂ ಬೈಯಲು ಹೊರಟರೆ ನನಗೆ ಸ್ವಲ್ಪ ಕಷ್ಟವಾಗುತ್ತದೆ.

ಯಲಹಂಕದ ಆಚೆ, ಆಸ್ಪತ್ರೆಯೊಂದಕ್ಕೆ ಅಂಟಿಕೊಂಡಿರುವ ಫಿಸಿಯೋಥೆರಪಿ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಕೈ ಮುರಿದುಕೊಂಡು ನಮ್ಮಲ್ಲಿಗೆ ಬರುವವರಲ್ಲಿ ಅನೇಕರು ಮೊದಲು ಅಬ್ಬಿಗೆರೆಗೆ ಹೋಗಿ ನಾಟಿ ಕಟ್ಟು ಕಟ್ಟಿಸಿಕೊಂಡವರು. ಕೇಳಿದರೆ ಬಾಯಿ ಬಿಡುವುದಿಲ್ಲ, ಡಾಕ್ಟರು ಬೈಯುತ್ತಾರೆ ಅನ್ನುವ ಭಯ. ಆ ಕಟ್ಟು ಎಂದರೆ ಏನು, ಅದರಲ್ಲಿ ಒಳ್ಳೆಯದೆಷ್ಟು, ಅಪಾಯ ಎಲ್ಲಿದೆ ಎನ್ನುವುದನ್ನು ನಮ್ಮ ವಿದ್ಯಾರ್ಥಿಗಳು ಕಣ್ಣಾರೆ ನೋಡಿ ಕಲಿಯಲಿ ಎಂದು ನಾನು ಪ್ರಿನ್ಸಿಪಾಲರ ಬೆನ್ನು ಬಿದ್ದೆ. ಒಂದು ವರ್ಷ ಪೀಡಿಸಿದ ಮೇಲೆ ಹನ್ನೆರಡು ತರಗತಿಗಳ ಕಿರು ಪಠ್ಯವೊಂದಕ್ಕೆ ಒಪ್ಪಿಗೆ ಸಿಕ್ಕಿತು. ಮೂಳೆ ವಿಭಾಗದ ಮುಖ್ಯಸ್ಥರು ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ ಸರ್, ಹಂಗಾಯ್ತು," ಎಂದು ನಾನು ಛೇಡಿಸಿದೆ. "ಹಿತ್ತಲಲ್ಲಿ ಬೆಳೆದದ್ದೆಲ್ಲಾ ಮದ್ದೂ ಅಲ್ಲ ಮೇಡಂ," ಎಂದರು ಅವರು.

ಅಬ್ಬಿಗೆರೆಯಲ್ಲಿ ಕಟ್ಟು ಕಟ್ಟುವವರು ಒಬ್ಬ ಹೆಂಗಸು. ಅರವತ್ತು ದಾಟಿದ್ದಾರೆ. ವಿದ್ಯೆ ಬಂದದ್ದು ಮಾವನಿಂದ. ಗಂಡುಮಕ್ಕಳು ಯಾರೂ ಮುಂದೆ ಬರಲಿಲ್ಲವಂತೆ, ಸೊಸೆ ಕಲಿತರು. ಸುತ್ತ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ, ನಡುವೆ ಅವರದೊಂದು ತಗ್ಗು ಮನೆ, ಮುಂದೆ ಬಿಸಿಲು ಬೀಳುವ ಅಂಗಳ. ಎಲ್ಲರೂ ಅವರನ್ನು ಅಮ್ಮ ಅಂತಲೇ ಕರೆಯುತ್ತಾರೆ. ನಾನು ಮೊದಲ ಸಲ ಹೋಗಿ ವಿಷಯ ಹೇಳಿದಾಗ ಅವರು ನನ್ನನ್ನು ಒಳಗೆ ಕರೆಯಲೂ ಇಲ್ಲ.

"ಕಾಲೇಜ್ನೋರು ಬತ್ತೀರಿ, ಪೋನಲ್ಲಿ ಇಡ್ಕೊಂಡು ಓಗ್ತೀರಿ. ಆಮೇಲೆ ಯಾವನಾರ ಕೈ ಊದ್ಕಂಡ್ರೆ ನನ್ ಎಸ್ರು ಏಳ್ತೀರಿ. ನಮ್ ಮಾವನ ಕಾಲದಿಂದ ಈ ಅಟ್ಟಿ ಮ್ಯಾಲೆ ಒಂದ್ ಮಾತು ಬಂದಿಲ್ಲ ಕಣವ್ವ."

"ನಿಮ್ ಹೆಸರಿಗೆ ಕೆಟ್ಟದ್ದು ಬರೋಕೆ ನಾನು ಬಿಡೋಲ್ಲಮ್ಮ. ನಾನಿದೀನಿ," ಎಂದೆ.

ಮಾತು ಕೊಡುವುದು ಸುಲಭ, ನಾಲಿಗೆಗೆ ಮೂಳೆ ಇಲ್ಲವಲ್ಲ. ಅವರು ನನ್ನನ್ನು ಒಂದು ನಿಮಿಷ ನೋಡಿ, ಚಪ್ಪಲಿ ಅಲ್ಲೇ ಬಿಟ್ಟು ಬಾ ಎಂದರು. ಅವರು ಒಪ್ಪಿದ್ದು ಕಾಲೇಜಿನ ಪತ್ರ ನೋಡಿಯಲ್ಲ, ನನ್ನ ಆ ಒಂದು ಮಾತಿಗೆ.

ಅಲ್ಲಿಂದ ಎರಡು ತಿಂಗಳು, ಭಾನುವಾರ ಬಂತೆಂದರೆ ಅಮೃತಹಳ್ಳಿಯ ನನ್ನ ಮನೆಯಿಂದ ಸ್ಕೂಟರ್ ತೆಗೆದು ಕೊಡಿಗೇಹಳ್ಳಿ, ವಿದ್ಯಾರಣ್ಯಪುರ ದಾಟಿ ಅಬ್ಬಿಗೆರೆಗೆ ಹೋಗುತ್ತಿದ್ದೆ. ಕೈಯಲ್ಲಿ ಟೇಪು, ಗಡಿಯಾರ, ನೋಟ್‌ಬುಕ್ಕು. ಅಮ್ಮ ಮೊದಲು ದೀಪಕ್ಕೆ ಕೈ ಮುಗಿಯುತ್ತಿದ್ದರು. ಆಮೇಲೆ ಪೆಟ್ಟಾದ ಕೈಯನ್ನು ನೋಡುವ ಮೊದಲು ಬಿದ್ದದ್ದು ಹೇಗೆ, ಯಾವ ಕಡೆ ಊರಿ ಬಿದ್ದಿರಿ ಎಂದು ಕೇಳುತ್ತಿದ್ದರು. ಹೆಬ್ಬೆರಳಿನಿಂದ ಮೂಳೆಯ ಉದ್ದಕ್ಕೂ ಒತ್ತುತ್ತಾ ಹೋಗುವಾಗ ಅವರ ಕಣ್ಣು ಕೈಯ ಮೇಲಲ್ಲ, ಆ ಮನುಷ್ಯನ ಮುಖದ ಮೇಲೆ. ಮೂಳೆ ಚರ್ಮ ಸೀಳಿ ಬಂದಿದ್ದರೆ, ಮಕ್ಕಳ ಮೊಣಕೈ ಊದಿದ್ದರೆ, "ಇದು ಆಸ್ಪತ್ರೆ ಕೇಸು, ನಾನು ಮುಟ್ಟಕಿಲ್ಲ," ಎಂದು ವಾಪಸ್ಸು ಕಳಿಸುತ್ತಿದ್ದರು. ಉಳಿದವರಿಗೆ ಮೊಟ್ಟೆಯ ಬಿಳಿ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ, ಹಳೇ ಪಂಚೆಯ ಪಟ್ಟಿಗಳನ್ನು ಅದರಲ್ಲಿ ಅದ್ದಿ, ಮೇಲೆ ಐದು ಬಿದಿರ ದಬ್ಬೆ ಇಟ್ಟು ಸುತ್ತುತ್ತಿದ್ದರು. ಕಟ್ಟಿದ ಮೇಲೆ ಉಗುರನ್ನು ಒತ್ತಿ ಬಿಟ್ಟು, ಮತ್ತೆ ಕೆಂಪು ಬರುತ್ತದೆಯೇ ಎಂದು ನೋಡುತ್ತಿದ್ದರು. ಅದನ್ನು ಕಂಡ ದಿನ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ನಾವು ಪುಸ್ತಕದಲ್ಲಿ ಓದಿ ಕಲಿತದ್ದನ್ನು ಈಕೆ ಅಂಗಳದಲ್ಲಿ ಕೂತು ಮಾಡುತ್ತಿದ್ದರು.

ಕಟ್ಟು ಮುಗಿದ ಮೇಲೆ ಯಾರೂ ಎದ್ದು ಹೋಗುವಂತಿರಲಿಲ್ಲ. ಬಿಸಿಲಿಗೆ ಕುಳಿತು ಮಾತಾಡಬೇಕು. ಗಂಟೆ ಕಳೆದ ಮೇಲೆ ಅಮ್ಮನ ಸೊಸೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಹೊಗೆಯಾಡುವ ಕಾಫಿ ತರುತ್ತಿದ್ದಳು. "ಕಾಪಿ ಕುಡೀದೆ ಓಗಂಗಿಲ್ಲ," ಎಂದು ಅಮ್ಮನ ಕಟ್ಟಪ್ಪಣೆ. ನಾನೂ ಕುಡಿಯುತ್ತಿದ್ದೆ. ಊರು ಸಿಟಿಯಾಗಿ ಹೋದರೂ ಈ ಮನೆಯವರ ಉಪಚಾರ ಬಿಟ್ಟಿಲ್ಲ ನೋಡು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, ಮತ್ತೊಂದರ್ಧ ಲೋಟ ಕೇಳಿಯೂ ಕುಡಿದಿದ್ದೇನೆ.

ನನ್ನ ನೋಟ್‌ಬುಕ್ಕಿನಲ್ಲಿ ಹದಿನೇಳು ಹಂತಗಳಾದವು. ಪಠ್ಯವನ್ನು ನೋಡುವ ಕಾಲೇಜು ಸಮಿತಿಯ ಮುಂದೆ ಓದಿದೆ. ಹದಿನೇಳನೆಯದಕ್ಕೆ ಬಂದಾಗ ಅದೇ ಮೂಳೆ ವಿಭಾಗದ ತಜ್ಞರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾಫಿ ಕೊಡೋದೂ ಪ್ರೊಸೀಜರಾ ಮೇಡಂ? ಹಂಗಾದ್ರೆ ನಮ್ ಕ್ಯಾಂಟೀನಿಗೂ ಒಂದು ಪಠ್ಯ ಮಾಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪ್ರಿನ್ಸಿಪಾಲರು, ಹಾಳೆ ಒಂದೇ ಪುಟದಲ್ಲಿ ಮುಗಿಯಲಿ, ನೋಡಿದವರಿಗೆ ವೈಜ್ಞಾನಿಕ ಅನ್ನಿಸಬೇಕು ಎಂದರು. ಅಲ್ಲೇ ಕೂತು ಕೆಂಪು ಪೆನ್ನಿನಿಂದ ಮೂರನ್ನು ಹೊಡೆದು ಹಾಕಿದೆ. ದೀಪಕ್ಕೆ ಕೈ ಮುಗಿಯುವುದು, ಬಿಸಿಲಿಗೆ ಕೂರುವುದು, ಕಾಫಿ. ಉಳಿದದ್ದು ಹದಿನಾಲ್ಕು. ಪುಟದಲ್ಲಿ ಅಕ್ಷರ ಸ್ವಲ್ಪ ದೊಡ್ಡದಾಗಿಯೇ ಹಿಡಿಯಿತು; ಲ್ಯಾಮಿನೇಟ್ ಮಾಡಿಸಿ ತರಗತಿಗೆ ಕೊಟ್ಟೆ.

ಅಮ್ಮ ಕಾಲೇಜಿಗೆ ಬಂದ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಎರಡನೇ ವರ್ಷದ ವಿದ್ಯಾರ್ಥಿನಿಯರು ಒಬ್ಬರ ಕೈಗೆ ಒಬ್ಬರು ಕಟ್ಟಿದರು. ಅಮ್ಮ ಎಲ್ಲರ ಬಳಿ ಹೋಗಿ ದಬ್ಬೆ ಸರಿಸಿ ತೋರಿಸಿದರು. ಉಗುರು ಒತ್ತಿ ನೋಡುವುದನ್ನು ಎಲ್ಲರೂ ತಪ್ಪದೆ ಮಾಡಿದರು. ಗಂಟೆ ಬಾರಿಸಿತು. ಮುಂದಿನ ತರಗತಿಗೆ ಹೋಗಬೇಕಲ್ಲ, ಹಸಿ ಕಟ್ಟನ್ನು ಬಿಚ್ಚಿ ಎಸೆದು ಎಲ್ಲರೂ ಕೈ ತೊಳೆಯಲು ಓಡಿದರು. ಅಮ್ಮ ಬಾಗಿಲ ಕಡೆ ನೋಡುತ್ತಾ ನಿಂತರು.

"ಕಾಪಿ ಇಲ್ವೇನವ್ವ?" ಎಂದರು.

"ಅಯ್ಯೋ, ಬನ್ನಿ ಬನ್ನಿ, ಕ್ಯಾಂಟೀನಿಗೆ ಹೋಗೋಣ."

"ನಂಗಲ್ಲ ಕಣವ್ವ, ಉಡ್ಗೀರಿಗೆ."

"ಅಷ್ಟು ಜನಕ್ಕೆಲ್ಲಾ ಇಲ್ಲಿ ಆಗೋಲ್ಲಮ್ಮ," ಎಂದು ನಗುತ್ತಾ ಅವರ ಕೈ ಹಿಡಿದು ಕರೆದುಕೊಂಡು ಹೋದೆ. ಅವರು ಹುಡುಗಿಯರು ಓಡಿಹೋದ ಕಡೆಗೇ ತಿರುತಿರುಗಿ ನೋಡುತ್ತಾ ಬಂದರು. ಕ್ಯಾಂಟೀನಿನಲ್ಲಿ ಪೇಪರ್ ಕಪ್ಪಿನ ಕಾಫಿಯನ್ನು ಅರ್ಧ ಕುಡಿದು ಬಿಟ್ಟರು.

ಇದಾದ ಮರುವಾರ, ಬೆಳಿಗ್ಗೆ ಒಂಬತ್ತೂವರೆ. ಹೊರರೋಗಿ ವಿಭಾಗದಲ್ಲಿ ಅದೇ ತರಗತಿಯ ಹುಡುಗಿಯರಿಗೆ ಶಾಖ ಕೊಡುವುದನ್ನು ಕಲಿಸುತ್ತಿದ್ದೆ. ಕುದಿಯುವಷ್ಟು ಬಿಸಿ ನೀರಿನ ತೊಟ್ಟಿಯಿಂದ ಹಾಟ್ ಪ್ಯಾಕನ್ನು ಇಕ್ಕಳದಲ್ಲಿ ಎತ್ತಿ, ನೀರು ಬಸಿದು, ಟವೆಲ್ಲಿನಲ್ಲಿ ಸುತ್ತಬೇಕು. ಒಬ್ಬ ಹುಡುಗಿ, ಸದಾ ಮುಂದಿನ ಸಾಲಿನಲ್ಲಿ ಕೂರುವವಳು, ಇಕ್ಕಳವನ್ನು ಎಡಗೈಯಲ್ಲಿ ಹಿಡಿದಿದ್ದಳು. ಇವಳು ಯಾವಾಗ ಎಡಚಿಯಾದಳು ಎಂದುಕೊಂಡೆ. ಏಪ್ರನ್ನಿನ ಬಲತೋಳನ್ನು ಬೆರಳ ಬುಡದವರೆಗೂ ಎಳೆದುಕೊಂಡಿದ್ದಳು. ಪ್ಯಾಕು ಜಾರಿ ಮೇಜಿನ ಮೇಲೆ ಬಿತ್ತು. ಅದನ್ನು ತಡೆಯಲು ಅವಳು ಬಲಗೈ ಒತ್ತಿದಳು. ಹಸಿ ಪ್ಯಾಕಿನಿಂದ ಆವಿ ಏಳುತ್ತಿತ್ತು, ಅವಳ ಬೆರಳುಗಳು ಅದರ ಮೇಲೇ ಇದ್ದವು. ಅವಳು ನನ್ನ ಮುಖ ನೋಡುತ್ತಾ, "ಟವೆಲ್ ಎಷ್ಟು ಮಡಿಕೆ ಮೇಡಂ?" ಎಂದು ಕೇಳುತ್ತಿದ್ದಳು.

ಕೈ ಹಿಂದಕ್ಕೆ ಬರಲೇ ಇಲ್ಲ.

ನಾನು ಕೂಗಿದ ಕೂಗಿಗೆ ಪಕ್ಕದ ಕೋಣೆಯ ರೋಗಿಗಳೂ ಎದ್ದು ಬಂದರಂತೆ. ಅವಳ ತೋಳನ್ನು ಎಳೆದು ಏಪ್ರನ್ ಸರಿಸಿದೆ. ಒಳಗೆ ಅಚ್ಚುಕಟ್ಟಾದ ನಾಟಿ ಕಟ್ಟು, ಐದು ದಬ್ಬೆ, ಸಮ ಅಂತರ. ಅದರಾಚೆ ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ಬಿಸಿ ಅನ್ನಿಸ್ಲಿಲ್ವೇನೇ?"

"ಇಲ್ಲ ಮೇಡಂ. ರಾತ್ರಿಯಿಂದ ಜುಮ್ ಅಂತಿತ್ತು. ಈಗ ಅದೂ ಇಲ್ಲ."

ಅಷ್ಟು ಜನರ ನಡುವೆ, ಆ ಗಲಾಟೆಯಲ್ಲಿ, ನನ್ನ ಕಣ್ಣ ಮುಂದೆ ಬಂದದ್ದು ಅಬ್ಬಿಗೆರೆಯ ಅಂಗಳ. ಹೊಗೆಯಾಡುವ ಸ್ಟೀಲ್ ಲೋಟಗಳು. ಅಮ್ಮ ಲೋಟವನ್ನು ಯಾವಾಗಲೂ ಕಟ್ಟಿದ ಕೈಗೇ ಕೊಡುತ್ತಿದ್ದರು. ಜನ 'ಹಾ' ಎಂದು ಕೈ ಬದಲಾಯಿಸುತ್ತಿದ್ದರು, ಅಮ್ಮ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಬಿಸಿಗೆ ಕೈ ಎಳೆದುಕೊಂಡವರನ್ನು ಮನೆಗೆ ಕಳಿಸುತ್ತಿದ್ದರು. ಒಮ್ಮೆ ಒಬ್ಬಾತ ಲೋಟವನ್ನು ಗಟ್ಟಿಯಾಗಿ ಹಿಡಿದು ಆರಾಮಾಗಿ ಹೀರುತ್ತಾ ಕುಳಿತಾಗ ಅಮ್ಮ ಅವನ ಕಟ್ಟನ್ನು ತಕ್ಷಣ ಕತ್ತರಿಸಿ ಹೊಸದಾಗಿ ಕಟ್ಟಿದ್ದರು. ಆವತ್ತು ನಾನು ನೋಟ್‌ಬುಕ್ಕಿನಲ್ಲಿ, ಕಟ್ಟು ಸಮಾಧಾನವಾಗದಿದ್ದರೆ ಮತ್ತೆ ಕಟ್ಟುತ್ತಾರೆ ಎಂದು ಬರೆದುಕೊಂಡಿದ್ದೆ. ಹಸಿ ಇದ್ದಾಗ ಉಗುರಿನ ಬಣ್ಣ ಸರಿಯಾಗಿಯೇ ಇರುತ್ತದೆ. ಮೊಟ್ಟೆ, ಉದ್ದು ಒಣಗುತ್ತಾ ಬಂದಂತೆ ಬಟ್ಟೆ ಬಿಗಿಯುತ್ತದೆ. ಅದಕ್ಕೇ ಬಿಸಿಲು, ಅದಕ್ಕೇ ಗಂಟೆ, ಅದಕ್ಕೇ ಕಾಫಿ. ಹದಿನೇಳರಲ್ಲಿ ಕೈಯನ್ನು ಕಾಯುತ್ತಿದ್ದ ಎರಡನ್ನು ಹುಡುಕಿ ಹುಡುಕಿ ಹೊಡೆದು ಹಾಕಿದ್ದೆ.

ಒಣಗಿದ ಕಟ್ಟು ಮರದ ಹಾಗೆ ಆಗಿತ್ತು. ಮಾಮೂಲಿ ಕತ್ತರಿ ಹಿಡಿಯಲಿಲ್ಲ. ಪ್ಲಾಸ್ಟರ್ ಕೋಣೆಯಿಂದ ದೊಡ್ಡ ಕತ್ತರಿ ತರಿಸಿ, ಒಂದೊಂದೇ ಪದರ ಸೀಳಿದೆ. ಹಾಸ್ಟೆಲ್ಲಿನಲ್ಲಿ ನಿನ್ನೆ ಸಂಜೆ ಥ್ರೋಬಾಲ್ ಆಡುವಾಗ ಮಣಿಕಟ್ಟು ಉಳುಕಿತಂತೆ. ಗೆಳತಿಯರು ತರಗತಿಯಿಂದ ತಂದಿದ್ದ ದಬ್ಬೆಗಳಿದ್ದವು, ಮೆಸ್ಸಿನಲ್ಲಿ ಮೊಟ್ಟೆ ಸಿಕ್ಕಿತು.

"ನಿಮ್ ಶೀಟ್ ಮುಂದಿಟ್ಕೊಂಡೇ ಕಟ್ಟಿದ್ದು ಮೇಡಂ. ಹದಿನಾಲ್ಕೂ ಸ್ಟೆಪ್ ಟಿಕ್ ಹಾಕಿದೀವಿ. ಎಲ್ಲಿ ಮಿಸ್ಟೇಕ್ ಆಯ್ತೋ ಗೊತ್ತಾಗ್ತಿಲ್ಲ."

ಅವಳು ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೂಳೆ ತಜ್ಞರು ಬಂದು ಮುಂಗೈಯನ್ನು ಅದುಮಿ ನೋಡಿದರು. ಕಲ್ಲಿನಂತಿತ್ತು. ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದಾಗ ಅವಳು ಚೀರಿದಳು. ಬೆರಳ ತುದಿಗೆ ಸ್ಪರ್ಶವಿಲ್ಲ, ಬಾಗಿಸಿದರೆ ಮುಂಗೈಯಲ್ಲಿ ಪ್ರಾಣ ಹೋಗುವ ನೋವು. ಅದರ ಅರ್ಥ ನನಗೂ ಗೊತ್ತಿತ್ತು. ಒಳಗೆ ಊತದ ಒತ್ತಡ ಏರಿದೆ. ಅದು ಇಳಿಯದಿದ್ದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಉದ್ದಕ್ಕೆ ಕೊಯ್ದು ಒತ್ತಡ ಬಿಡಿಸಬೇಕು. ತಡವಾದರೆ ಒಳಗಿನ ಸ್ನಾಯು ಸಾಯುತ್ತದೆ, ಬೆರಳುಗಳು ಮಡಚಿಕೊಂಡು ಹಾಗೇ ಉಳಿಯುತ್ತವೆ. ಕೈಯಿಂದಲೇ ಬದುಕಬೇಕಾದ ವೃತ್ತಿ ನಮ್ಮದು.

"ಆಪರೇಷನ್ ಥಿಯೇಟರಿಗೆ ಹೇಳಿಡಿ. ಬಾಯಿಗೆ ಏನೂ ಕೊಡ್ಬೇಡಿ. ಕೈ ಎದೆ ಮಟ್ಟದಲ್ಲೇ ಇರ್ಲಿ, ಮೇಲೆ ಎತ್ತಿ ಕಟ್ಬೇಡಿ. ಹದಿನೈದು ನಿಮಿಷಕ್ಕೊಂದ್ಸಲ ನಾನೇ ನೋಡ್ತೀನಿ," ಎಂದರು ತಜ್ಞರು. ನನ್ನ ಕಡೆ ತಿರುಗಿ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹದಿನೈದು ನಿಮಿಷ ಎನ್ನುವುದು ಎಷ್ಟು ಉದ್ದ ಎಂದು ಆವತ್ತು ಗೊತ್ತಾಯಿತು. ಎರಡನೇ ಸಲ ನೋಡಿದಾಗ ಬಣ್ಣ ಸ್ವಲ್ಪ ತಿಳಿಯಾಗಿತ್ತು, ಆದರೆ ಮುಂಗೈ ಹಾಗೇ ಬಿಗಿ. ಮೂರನೇ ಸಲವೂ ಬಿಗಿ. ನಾನು ಕಾರಿಡಾರಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಹೇಗೆ ಶುರು ಮಾಡಬೇಕೋ ತಿಳಿಯದೆ ನೇರ ಕೇಳಿಬಿಟ್ಟೆ.

"ಅಮ್ಮ, ಕಟ್ಟಿದ ಮೇಲೆ ಕಾಫಿ ಕೊಡೋದು ಯಾಕೆ?"

"ಮತ್ಯಾಕವ್ವ? ನಾನೇನು ಓಟ್ಲು ಮಡಗಿದೀನಾ? ಕೈಗೆ ಬಿಸಿ ತಿಳೀಬೇಕಲ್ಲ." ಆಮೇಲೆ ಅವರ ದನಿ ಬದಲಾಯಿತು. "ಯಾರ್ಗೇನಾಯ್ತು?"

ಹೇಳಿದೆ.

"ಬಿಚ್ಚಿದ್ರಾ? ಉಜ್ಬೇಡಿ. ಶಾಖ ಕೊಡ್ಬೇಡಿ. ಕೈನ ಎದೆ ಸಮಕ್ಕೆ ಮಡಗಿ, ತೂಗಾಕ್ಬೇಡಿ. ನಾನು ಬರ್ಲಾ?"

"ಬೇಡಮ್ಮ."

"ನಾನು ಕಲಿಸಿದ್ದಲ್ವಾ? ಬತ್ತೀನಿ."

"ಬೇಡ ಅಂದ್ನಲ್ಲ," ಎಂದು ಗದರಿಬಿಟ್ಟೆ. ಹುಡುಗಿಯ ತಂದೆ ತುಮಕೂರಿನಿಂದ ಹೊರಟಾಗಿತ್ತು. ಆ ಮನುಷ್ಯನ ಕಣ್ಣಿಗೆ ಅಮ್ಮ ಬೀಳುವುದು ನನಗೆ ಬೇಕಿರಲಿಲ್ಲ.

ತಂದೆ ಬಂದದ್ದು ಹನ್ನೆರಡು ಗಂಟೆಯ ಸುಮಾರಿಗೆ. ಕಾರ್ಖಾನೆಯೊಂದರಲ್ಲಿ ಲೇತ್ ವಿಭಾಗದ ಮೇಲ್ವಿಚಾರಕರು, ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಮಗಳ ಕೈ ನೋಡಿದರು, ಹೊರಗೆ ಬಂದರು, ಗೋಡೆ ಹಿಡಿದು ನಿಂತರು. ಆಮೇಲೆ ಪ್ರಿನ್ಸಿಪಾಲರ ಎದುರಿಗೇ ನನ್ನನ್ನು ಕೇಳಿದರು.

"ಆ ಹೆಂಗಸಿನ ಅಡ್ರೆಸ್ ಕೊಡಿ. ಸ್ಟೇಷನ್ನಿಗೆ ಹೋಗ್ತೀನಿ."

ಪ್ರಿನ್ಸಿಪಾಲರು ನನ್ನ ಕಡೆ ನೋಡಿ ಕಣ್ಣಲ್ಲೇ ಕೊಡಿ ಎಂದರು. ಕೊಟ್ಟುಬಿಟ್ಟರೆ ಎಲ್ಲರ ತಲೆಯ ಮೇಲಿನ ಭಾರ ಇಳಿಯುತ್ತಿತ್ತು. ನನ್ನದೂ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನಾಲಿಗೆಯ ತುದಿಯವರೆಗೆ ಬಂದಿತ್ತು.

"ಅವರು ನಿಮ್ಮ ಮಗಳ ಕೈ ಮುಟ್ಟಿಲ್ಲ ಸರ್," ಎಂದೆ. "ನಾನು ಬರೆದ ಹಾಳೆ ನೋಡಿ ಕಟ್ಟಿದ್ದು. ಅವರ ಹತ್ರ ನೋಡಿ ಬರ್ಕೊಂಡಿದ್ದು ಹದಿನೇಳು, ನಾನು ಮೂರು ತೆಗೆದು ಹಾಕಿದೆ. ಕೈ ಉಳಿಸೋದು ಅದರಲ್ಲೇ ಇತ್ತು. ಸ್ಟೇಷನ್ನಿಗೆ ಹೋಗೋದಾದ್ರೆ ನನ್ ಅಡ್ರೆಸ್ ಬರ್ಕೊಳಿ."

ಪ್ರಿನ್ಸಿಪಾಲರು ಕೆಮ್ಮಿದರು. ಆ ಮನುಷ್ಯ ನನ್ನನ್ನು ದಿಟ್ಟಿಸಿ ನೋಡಿದ ರೀತಿ ಇಂದಿಗೂ ಮರೆತಿಲ್ಲ. ನನಗಂತೂ ಹೊಡೆದೇಬಿಡುತ್ತಾರೆ ಅನ್ನಿಸಿತ್ತು.

"ನಮ್ ಲೇತಲ್ಲಿ ಡ್ರಾಯಿಂಗ್ ತಪ್ಪಿದ್ರೆ ಮಿಷನ್ ಆಪರೇಟರನ್ನ ಬೈಯೋ ಹಂಗಿಲ್ಲ," ಎಂದರು ಕೊನೆಗೆ. "ಆದ್ರೆ ಡ್ರಾಯಿಂಗ್ ಬರೆದೋರನ್ನ ನಾವು ಬಿಡೋದಿಲ್ಲ ಮೇಡಂ. ನನ್ ಮಗಳ ಕೈ ಏನಾಗುತ್ತೆ ನೋಡ್ಕೊಂಡು ಮಾತಾಡ್ತೀನಿ." ಮತ್ತೆ ಒಳಗೆ ಹೋಗಿ ಮಗಳ ತಲೆದೆಸೆಯಲ್ಲಿ ಕುಳಿತರು.

ಹನ್ನೆರಡೂಮುಕ್ಕಾಲಿಗೆ ತಜ್ಞರು ಹತ್ತಿಯ ಎಳೆಯಿಂದ ಬೆರಳ ತುದಿ ಸವರಿದರು. ಅವಳು ಕಣ್ಣು ಮುಚ್ಚಿದ್ದಳು. ಕಿರುಬೆರಳಿಗೆ, "ಮುಟ್ಟಿದ್ರಿ" ಎಂದಳು. ಉಂಗುರ ಬೆರಳಿಗೆ, "ಸ್ವಲ್ಪ" ಎಂದಳು. ಉಳಿದ ಮೂರಕ್ಕೆ ಏನೂ ಹೇಳಲಿಲ್ಲ. ಬೆರಳು ಬಾಗಿಸಿದಾಗ ಈ ಸಲ ಚೀರಲಿಲ್ಲ, ಹಲ್ಲು ಕಚ್ಚಿದಳು. ಒಂದೂವರೆಗೆ ಮುಂಗೈ ಹೆಬ್ಬೆರಳಿಗೆ ಮಣಿಯತೊಡಗಿತು. ಎರಡು ಗಂಟೆಗೆ ತಜ್ಞರು ಥಿಯೇಟರಿಗೆ ಫೋನ್ ಮಾಡಿ, ಬೇಡ ಎಂದರು. ಎಕ್ಸ್‌ರೇಯಲ್ಲಿ ಮೂಳೆ ಬಿರುಕೂ ಬಿಟ್ಟಿರಲಿಲ್ಲ. ಬರೀ ಉಳುಕಿಗೆ ಇಷ್ಟೆಲ್ಲ ಆಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಸ್ಪರ್ಶ ಮರಳಲು ವಾರಗಳು ಬೇಕು, ಪೂರ್ತಿ ಬರುತ್ತದೆಯೋ ಈಗಲೇ ಹೇಳಲಾರೆ ಎಂದರು. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಮೂರನೇ ದಿನ ವಿಚಾರಣಾ ಸಭೆ. ವರದಿ ಮೊದಲೇ ಟೈಪಾಗಿ ಸಿದ್ಧವಿತ್ತು. 'ಹೊರಗಿನ ನಾಟಿ ಚಿಕಿತ್ಸಕಿಯ ಅವೈಜ್ಞಾನಿಕ ಕಟ್ಟಿನ ಪದ್ಧತಿಯಿಂದಾಗಿ' ಎಂದು ಶುರುವಾಗುವ ಅರ್ಧ ಪುಟ. ಕೆಳಗೆ ನನ್ನ ಸಹಿಗೆ ಜಾಗ.

"ಇದರಿಂದ ಯಾರಿಗೂ ನಷ್ಟ ಇಲ್ಲ," ಎಂದರು ಪ್ರಿನ್ಸಿಪಾಲರು. ಅವರು ಕೆಟ್ಟವರಲ್ಲ, ನನ್ನನ್ನು ಉಳಿಸುವ ದಾರಿ ಹುಡುಕುತ್ತಿದ್ದರು. "ಆಯಮ್ಮ ಇದನ್ನ ಓದೋದೂ ಇಲ್ಲ, ಅವರಿಗೆ ಗೊತ್ತಾಗೋದೂ ಇಲ್ಲ. ನಿಮ್ ಸರ್ವಿಸ್ ನೋಡ್ಕೊಳಿ."

ಅದೇ ಮಾತು ನನ್ನನ್ನು ಕೆರಳಿಸಿತು. ಓದದವರ ಮೇಲೆ ಏನು ಬೇಕಾದರೂ ಬರೆಯಬಹುದು ಅಂತಾಯಿತು. ನಾನು ಹದಿನೇಳು ಹಂತಗಳ ನನ್ನ ಹಳೆಯ ಹಾಳೆಯನ್ನು, ಮೇಲೆ ಕೆಂಪು ಗೆರೆ ಹಾಗೇ ಇದ್ದದ್ದನ್ನು, ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಕೈಬರಹದ ನನ್ನದೇ ಹೇಳಿಕೆ. ಪದ್ಧತಿಯಲ್ಲಿ ಒಣಗುವವರೆಗೆ ಕಾಯುವುದೂ ಬಿಸಿ ಲೋಟದಿಂದ ಸ್ಪರ್ಶ ಪರೀಕ್ಷಿಸುವುದೂ ಇದ್ದವು, ಅವನ್ನು ಅರ್ಥ ಮಾಡಿಕೊಳ್ಳದೆ ತೆಗೆದವಳು ನಾನು, ಎಂದು ಬರೆದಿದ್ದೆ.

ಮೂಳೆ ತಜ್ಞರು ಎರಡೂ ಹಾಳೆಗಳನ್ನು ಎಳೆದುಕೊಂಡು ಓದಿದರು. ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟರು.

"ನಾನು ಇದಕ್ಕೆ ನಕ್ಕಿದ್ದೆ," ಎಂದರು. "ಅದನ್ನೂ ಬರ್ಕೊಳಿ."

ಯಾರೂ ಬರೆದುಕೊಳ್ಳಲಿಲ್ಲ. ಆದರೆ ಟೈಪಾದ ಅರ್ಧ ಪುಟ ಕಡತದಿಂದ ಹೊರಗೆ ಹೋಯಿತು. ಅಮ್ಮನ ಪ್ರಸ್ತಾಪವೇ ಇಲ್ಲದ ಹೊಸ ವರದಿ ಬಂತು. ನನಗೆ ಮೆಮೊ, ಪಠ್ಯ ಮುಂದಿನ ಆದೇಶದವರೆಗೆ ಸ್ಥಗಿತ. ಹುಡುಗಿಯ ತಂದೆ ಸ್ಟೇಷನ್ನಿಗೆ ಹೋಗಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಅವಳು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅಂಗಿಯ ಗುಂಡಿ ಹಿಡಿದು ಅಭ್ಯಾಸ ಮಾಡುವುದನ್ನು ನಾನು ದಿನಾ ನೋಡುತ್ತಿದ್ದೆ. ಗುಂಡಿ ಬೀಳುತ್ತಿತ್ತು, ಅವಳು ಮತ್ತೆ ಎತ್ತಿಕೊಳ್ಳುತ್ತಿದ್ದಳು.

ಆ ಭಾನುವಾರ ಅಬ್ಬಿಗೆರೆಗೆ ಹೋದೆ. ನಿಜ ಹೇಳಬೇಕೆಂದರೆ ಸ್ವಲ್ಪ ಬೀಗಿಕೊಂಡೇ ಹೋದೆ. ಕೊಟ್ಟ ಮಾತು ಉಳಿಸಿಕೊಂಡಿದ್ದೆ, ಅದಕ್ಕಾಗಿ ಪೆಟ್ಟೂ ತಿಂದಿದ್ದೆ. ಅಂಗಳದಲ್ಲಿ ಜನ ಕುಳಿತಿದ್ದರು. ಅಮ್ಮ ಮೊದಲು ಹುಡುಗಿಯ ಒಂದೊಂದೇ ಬೆರಳಿನ ವಿಷಯ ಕೇಳಿದರು. ಹೇಳಿದೆ. ಆಮೇಲೆ, "ನಿಮ್ ಹೆಸರು ಎಲ್ಲೂ ಬರ್ಲಿಲ್ಲಮ್ಮ. ವರದಿಯಿಂದ ತೆಗೆಸಿದೆ," ಎಂದೆ.

"ತೆಗೆಸ್ದ್ಯಾ?"

"ತಪ್ಪು ನಂದು ಅಂತ ಬರ್ಕೊಟ್ಟೆ."

ಅಮ್ಮನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಪಟ್ಟಿಯನ್ನು ಬೋಗುಣಿಗೆ ಹಾಕಿದರು.

"ನನ್ನೊಂದ್ ಮಾತು ಕೇಳಿದ್ರೇನವ್ವ? ಉಡ್ಗಿ ಕೈ ಓಗೋ ಅಂಗಾಯ್ತು, ಸಬೆ ಮಾಡಿದ್ರಿ, ತೀರ್ಮಾನ ಆಯ್ತು. ಕಟ್ಟೋಳ್ನ ಒಬ್ರೂ ಕರೀಲಿಲ್ಲ. ಬತ್ತೀನಿ ಅಂದ್ರೆ ನೀನೂ ಬೇಡ ಅಂದೆ."

"ನಿಮ್ಮನ್ನ ಕಾಪಾಡೋಣ ಅಂತ."

"ನನ್ ಕಾಪಾಡೋದು ಆಮೇಲೆ. ಆ ಮಗೀನ ಕಾಪಾಡೋದು ಎಂಗೆ ಅಂತ ಕೇಳ್ಬೇಕಿತ್ತು. ಒಂದ್ ಮಾತು ಏಳ್ತೀನಿ ಕೇಳು. ನಾನು ಮದ್ವೆಯಾಗಿ ಬಂದ್ ಮ್ಯಾಲೆ ನಮ್ ಮಾವ ಎರಡ್ ವರ್ಷ ನನ್ ಕೈಲಿ ಒಂದ್ ಕಟ್ಟೂ ಕಟ್ಸಲಿಲ್ಲ. ಬರೀ ಬಿಚ್ಸಿದ್ರು. ಅವರು ಕಟ್ಟಿದ್ದು, ಬೇರೆ ಊರೋರು ಕಟ್ಟಿದ್ದು, ಬಿಗಿ ಆಗಿರೋದು, ಕೀವಾಗಿರೋದು, ಎಲ್ಲಾನೂವೆ. ಒಳಗೆ ಏನಾಗಿರ್ತದೆ ಅಂತ ಬಿಚ್ಚೋರಿಗೇ ಗೊತ್ತಾಗೋದು. ಅದು ಗೊತ್ತಾದ್ ಮ್ಯಾಲೆ ಕಟ್ಟಾಕೆ ಕೈ ತಾನೇ ಎದರ್ತದೆ. ಆ ಎದರಿಕೆ ಇಲ್ದೋರು ಕಟ್ಬಾರ್ದು."

ಎರಡು ತಿಂಗಳು ಟೇಪು ಹಿಡಿದು ದಬ್ಬೆಗಳ ನಡುವಿನ ಅಂತರ ಅಳೆದಿದ್ದೆ.

"ಇದನ್ನ ನನಗೆ ಯಾಕಮ್ಮ ಮೊದ್ಲೇ ಹೇಳ್ಲಿಲ್ಲ?"

"ನೀನು ಕೇಳಿದ್ದು ಎಂಗೆ ಕಟ್ತೀಯ ಅಂತ. ಎಂಗೆ ಕಲ್ತೆ ಅಂತ ಒಂದಿನಾನೂ ಕೇಳ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ನಂದೂ ತಪ್ಪದೆ. ಕಾಲೇಜ್ನೋರು ಕರೀತಾವ್ರೆ ಅಂತ ಉಬ್ಬೋದೆ. ಒಂದ್ ಗಂಟೇಲಿ ಕಲ್ಸಕಾಗಲ್ಲ ಅಂತ ಬಾಯ್ಬಿಟ್ಟು ಏಳ್ನಿಲ್ಲ."

ಹದಿನೈದು ವರ್ಷ ಪಾಠ ಮಾಡಿದವಳು ನಾನು. ಒಂದು ವಿದ್ಯೆಯನ್ನು ತರಗತಿಗೆ ತರುತ್ತೇನೆ ಎಂದು ಹೊರಟವಳಿಗೆ, ಆ ವಿದ್ಯೆಗೂ ಒಂದು ಪಾಠಕ್ರಮ ಇದೆಯೇ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು. ಎದ್ದು ಹೋಗಿಬಿಡಬೇಕು ಅನ್ನಿಸಿತು.

ಅಮ್ಮ ಅಂಗಳದ ಕಡೆ ತಿರುಗಿ ಒಬ್ಬಾತನನ್ನು ಕರೆದರು. ಗಾರೆ ಕೆಲಸದವನು, ಎಡಗೈಗೆ ವಾರದ ಹಿಂದೆ ಕಟ್ಟಿದ ಕಟ್ಟು. ಅವನ ಕೈಯನ್ನು ತಂದು ನನ್ನ ಮಡಿಲಲ್ಲಿ ಇಟ್ಟರು. ಕತ್ತರಿ ಕೊಡಲಿಲ್ಲ, ನೀರಿನ ಚೊಂಬು ಮಾತ್ರ ಪಕ್ಕಕ್ಕೆ ಸರಿಸಿದರು.

"ನೆನೆಸ್ಕಂಡು ಬಿಚ್ಚು. ಒಂದೊಂದ್ ಸುತ್ತು ಬಿಚ್ಚಿದಂಗೂ ಅವನ ಮುಖ ನೋಡು. ಬರ್ಕೋಬೇಡ."

ಅವನು ಹೆದರಿಕೊಂಡು, "ಡಾಕ್ಟ್ರಾ ಇವ್ರು?" ಎಂದು ಅಮ್ಮನನ್ನು ಕೇಳಿದ.

"ಇಲ್ಲ, ಕಲಿಯಾಕೆ ಈಗ ಸೇರ್ಕಂಡವ್ಳೆ," ಎಂದರು ಅಮ್ಮ.

ನಾನು ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡೆ. ಗಂಟು ಎಲ್ಲಿದೆ ಎಂದು ಹುಡುಕಲು ಬಹಳ ಹೊತ್ತು ಹಿಡಿಯಿತು.